ವೈಟ್‌ಫೀಲ್ಡೋ, ಹೈದರಾಬಾದೋ: ಭಾನುವಾರ ಮನೆ ನೋಡಿ ಕೆಟ್ಟವನ ಉತ್ತರ

ಶಿವಮೊಗ್ಗದಿಂದ ಹೊರಡಬೇಕಾಗಿದೆ, ಹೈದರಾಬಾದಿನಲ್ಲೊಂದು, ಬೆಂಗಳೂರಿನ ವೈಟ್‌ಫೀಲ್ಡಿನಲ್ಲೊಂದು ಕೆಲಸ ಕೈಯಲ್ಲಿದೆ, ಬೆಂಗಳೂರನ್ನೇ ಆರಿಸಿಕೊಂಡರೆ ಆಫೀಸಿಗೆ ಹತ್ತಿರವಾಗುವಂತೆ ವರ್ತೂರಿನ ಕಡೆ ಮನೆ ಹಿಡಿಯುವುದು ಸರಿಯೇ ಎಂದು ಕೇಳಿದ್ದೀರಿ. ನಾಲ್ಕು ವರ್ಷದ ಮಗು, ತೀರ್ಥಹಳ್ಳಿಯನ್ನು ಬಿಟ್ಟು ಬರಲೊಲ್ಲದ ತಂದೆತಾಯಿ ಎಂದೂ ಬರೆದಿದ್ದೀರಿ. ತೀರ್ಥಹಳ್ಳಿ ಇದ್ದಲ್ಲಿ ಸಾಗರ ಎಂದು ತಿದ್ದಿದರೆ ಇದು 2018ರಲ್ಲಿ ನಾನು ಸಿಕ್ಕಸಿಕ್ಕವರಿಗೆಲ್ಲ ಕೇಳುತ್ತಿದ್ದ ಪ್ರಶ್ನೆಯೇ.

ಹೈದರಾಬಾದಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಶಿವಮೊಗ್ಗಕ್ಕೆ 2023ರಲ್ಲಿ ವಿಮಾನ ನಿಲ್ದಾಣ ಬಂದಿದೆ, ನಿಜ. ಆದರೆ ರಾತ್ರಿ ಹನ್ನೊಂದಕ್ಕೆ ಅಪ್ಪನಿಗೆ ಎದೆನೋವು ಎಂದು ಫೋನ್ ಬಂದಾಗ ವಿಮಾನದ ವೇಳಾಪಟ್ಟಿಯಿಂದ ಪ್ರಯೋಜನವಿಲ್ಲ, ಆಗ ಬೇಕಾಗುವುದು ಬೆಳಗಾಗುವುದರೊಳಗೆ ಊರು ಮುಟ್ಟಿಸುವ ಬಸ್ಸು. ಬೆಂಗಳೂರಿನಿಂದ ಶಿವಮೊಗ್ಗ ಹೆಚ್ಚುಕಡಿಮೆ ಮುನ್ನೂರು ಕಿಲೋಮೀಟರ್. ಹಿರಿಯರು ಊರಲ್ಲೇ ಉಳಿಯುತ್ತಾರೆ ಎಂದಾದ ಮೇಲೆ ನನ್ನ ಮಟ್ಟಿಗೆ ಊರಿನ ಆಯ್ಕೆ ಅಲ್ಲಿಗೇ ಮುಗಿಯಿತು. ನಿಮ್ಮ ಪ್ರಶ್ನೆಯ ಉಳಿದ ಅರ್ಧದಲ್ಲಿ, ಎಂದರೆ ‘ಆಫೀಸಿಗೆ ಹತ್ತಿರ’ ಎಂಬ ಮಾತಿನಲ್ಲಿ, ನನ್ನ ಒಂದು ಲಕ್ಷದಷ್ಟು ಹಣ ಮುಳುಗಿದೆ.

2018ರ ಅಕ್ಟೋಬರಿನ ಒಂದು ಭಾನುವಾರ ನಾನು ರಾತ್ರಿ ಬಸ್ಸಿನಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಇಳಿದು, ನಾಲ್ಕು ಮನೆಗಳನ್ನು ನೋಡಿ, ಮಧ್ಯಾಹ್ನದ ಹೊತ್ತಿಗೆ ವರ್ತೂರು ರಸ್ತೆಯ ಒಳಗಿನ ಒಂದು ಓಣಿಗೆ ತಲುಪಿದೆ. ಇಪ್ಪತ್ತನಾಲ್ಕು ಮನೆಗಳಿದ್ದ ಕಟ್ಟಡ, ಎರಡನೆಯ ಮಹಡಿ, ಪೂರ್ವಕ್ಕೆ ತೆರೆದ ಬಾಲ್ಕನಿ, ಬಾಡಿಗೆ 18,000 ರೂಪಾಯಿ. ಅಡುಗೆಮನೆಯ ನಲ್ಲಿ ತಿರುಗಿಸಿದರೆ ನೀರು ರಭಸದಿಂದ ಬಂತು. ಬ್ರೋಕರ್ ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ನನ್ನ ಆಫೀಸಿನ ಗೇಟಿನವರೆಗೆ ಹೋಗಿ ತೋರಿಸಿದರು. ನಾಲ್ಕೂವರೆ ಕಿಲೋಮೀಟರ್, ಹನ್ನೊಂದು ನಿಮಿಷ. ನಾನು ಹಿಗ್ಗಿಹೋದೆ. ಸಂಜೆ ಆರಕ್ಕೆ ಇನ್ನೊಂದು ಸಂಸಾರ ಮನೆ ನೋಡಲು ಬರುತ್ತದೆ ಎಂದು ಅವರು ಹೇಳಿದ್ದೇ ತಡ, ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್‌ನಲ್ಲಿ ಅರ್ಧವನ್ನು ಅಲ್ಲೇ ವರ್ಗಾಯಿಸಿದೆ.

ನನ್ನ ತಪ್ಪು ಭಾನುವಾರ ಹೋದದ್ದು. ಇದನ್ನು ಕೇಳಿದವರೆಲ್ಲ ನಗುತ್ತಾರೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಭಾನುವಾರ ಆ ರಸ್ತೆಯಲ್ಲಿ ಕಂಪನಿಗಳ ಕ್ಯಾಬ್‌ಗಳಿರುವುದಿಲ್ಲ, ಶಾಲೆಯ ಬಸ್ಸುಗಳಿರುವುದಿಲ್ಲ. ಹಾಗಾಗಿ ನಾನು ನೋಡಿದ ಹನ್ನೊಂದು ನಿಮಿಷವೆಂಬುದು ವಾರದ ಉಳಿದ ದಿನಗಳಲ್ಲಿ ಇಲ್ಲದ ರಸ್ತೆಯೊಂದರ ಹನ್ನೊಂದು ನಿಮಿಷ. ನಾನು ಹೋದದ್ದು ಮಧ್ಯಾಹ್ನ. ನೀರಿನ ಟ್ಯಾಂಕರುಗಳು ಬರುವುದು ನಡುರಾತ್ರಿಯಲ್ಲಿ ಅಥವಾ ನಸುಕಿನಲ್ಲಿ. ಅದರ ಮೇಲೆ ಅದು ಅಕ್ಟೋಬರ್ ತಿಂಗಳು, ಮಳೆಗಾಲದ ನೀರು ಇನ್ನೂ ಕೊಳವೆಬಾವಿಯಲ್ಲಿ ನಿಂತಿರುವ ಕಾಲ. ‘ನೀರಿಗೆ ತೊಂದರೆ ಇಲ್ಲ ತಾನೇ?’ ಎಂದು ಮಾಲೀಕರನ್ನು ಕೇಳಿದ್ದೆ. ‘ಇಪ್ಪತ್ತನಾಲ್ಕು ಗಂಟೆಯೂ ಇರುತ್ತೆ ಸಾರ್’ ಎಂದಿದ್ದರು. ಆ ಮನುಷ್ಯ ಸುಳ್ಳು ಹೇಳಲಿಲ್ಲ ಎಂಬುದೇ ನನ್ನನ್ನು ಇವತ್ತಿಗೂ ಕಾಡುವ ಸಂಗತಿ. ನಲ್ಲಿಯಲ್ಲಿ ನೀರು ಇಪ್ಪತ್ತನಾಲ್ಕು ಗಂಟೆಯೂ ಇತ್ತು. ಅದು ಎಲ್ಲಿಂದ ಬರುತ್ತದೆ, ಅದರ ಬಿಲ್ಲು ಯಾರ ಮೇಲೆ ಬೀಳುತ್ತದೆ ಎಂದು ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ, ಅಷ್ಟೇ.

ಕೆಲಸಕ್ಕೆ ಹೊರಟ ಮೊದಲ ಸೋಮವಾರ ಅದೇ ನಾಲ್ಕೂವರೆ ಕಿಲೋಮೀಟರಿಗೆ ಐವತ್ತೈದು ನಿಮಿಷ ಹಿಡಿಯಿತು. ನಡೆದೇ ಹೋಗೋಣವೆಂದರೆ ಫುಟ್‌ಪಾತ್ ಇರಲಿಲ್ಲ.

ಫೆಬ್ರವರಿಯಲ್ಲಿ ಕೊಳವೆಬಾವಿ ಕೈಕೊಟ್ಟಿತು. ಅಲ್ಲಿಂದಾಚೆಗೆ ನನ್ನ ಬದುಕು ವಾಚ್‌ಮನ್‌ನ ಕುರ್ಚಿಯ ಹಿಂದೆ ಮೊಳೆಗೆ ದಾರ ಕಟ್ಟಿ ತೂಗುಹಾಕಿದ್ದ ಒಂದು ಉದ್ದನೆಯ ನೋಟುಬುಕ್ಕಿನೊಳಗೆ ಸೇರಿಕೊಂಡಿತು. ತಾರೀಖು, ಗಂಟೆ, ಲೀಟರು, ಲಾರಿಯ ನಂಬರು, ಕೊನೆಯ ಕಾಲಮ್ಮಿನಲ್ಲಿ ಡ್ರೈವರನ ಸಹಿ. ಒದ್ದೆ ಕೈಯಲ್ಲಿ ಬರೆದು ಶಾಯಿ ಹರಡಿದ ಪುಟಗಳು. ನಾನು ಲೆಕ್ಕಪತ್ರ ವಿಭಾಗದವನಾದ್ದರಿಂದ ಅಂಥ ಪುಸ್ತಕ ಕಂಡರೆ ಅಂಕಿಗಳನ್ನು ಕೂಡಿಸದೆ ಇರಲಾರೆ. ಫೆಬ್ರವರಿಯಲ್ಲಿ ದಿನಕ್ಕೆ ಆರು ಸಾವಿರ ಲೀಟರಿನ ಎರಡು ಟ್ಯಾಂಕರುಗಳು, ತಲಾ 700 ರೂಪಾಯಿ. ಏಪ್ರಿಲಿನಲ್ಲಿ ದಿನಕ್ಕೆ ಮೂರು, ತಲಾ 900. ತಿಂಗಳಿಗೆ 81,000, ಇಪ್ಪತ್ತನಾಲ್ಕು ಮನೆಗಳಿಗೆ ಹಂಚಿದರೆ ಮನೆಯೊಂದಕ್ಕೆ 3,375. ನಿರ್ವಹಣಾ ಶುಲ್ಕದ ಎರಡು ಸಾವಿರ ಬೇರೆ. ಇಷ್ಟು ಕೊಟ್ಟು ತರಿಸಿದ ನೀರು ಸ್ಟೀಲ್ ಪಾತ್ರೆಗಳ ಮೇಲೆ ಸುಣ್ಣದಂಥ ಬಿಳಿ ಕಲೆ ಕಟ್ಟಿಸುತ್ತಿತ್ತು, ಮಗಳ ತಲೆಗೂದಲು ತೆಂಗಿನ ನಾರಿನಂತಾಗಿತ್ತು. ಮಾರ್ಚಿನಲ್ಲಿ ಅಮ್ಮ ಬಂದಿದ್ದವರು ಒಂಬತ್ತೇ ದಿನಕ್ಕೆ ಹೊರಟುನಿಂತರು. ರಾತ್ರಿ ಎರಡಕ್ಕೆ ಟ್ಯಾಂಕರಿನ ಮೋಟರು ಗೊರಗೊರ ಎಂದಾಗ ಎದ್ದು ಬಾಲ್ಕನಿಯಲ್ಲಿ ನಿಂತು, ‘ನಮ್ಮಲ್ಲಿ ಮಳೆ ನಿಂತರೆ ಸಾಕಪ್ಪಾ ಅಂತೀವಿ, ಇಲ್ಲಿ ನೀರನ್ನು ಲಾರೀಲಿ ತರ್ತಾರಲ್ಲೋ’ ಎಂದಿದ್ದರು.

ಮೇ ತಿಂಗಳಲ್ಲಿ ಬಿಟ್ಟೆವು. ಹನ್ನೊಂದು ತಿಂಗಳ ಅಗ್ರಿಮೆಂಟನ್ನು ಅರ್ಧದಲ್ಲಿ ಮುರಿದದ್ದಕ್ಕೆ ಎರಡು ತಿಂಗಳ ಬಾಡಿಗೆ, ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ, ಒಟ್ಟು 54,000 ಅಡ್ವಾನ್ಸಿನಲ್ಲಿ ಕಳೆದುಹೋಯಿತು. ಮಗಳನ್ನು ಆ ಓಣಿಯ ತುದಿಯ ಶಾಲೆಗೇ ಸೇರಿಸಿದ್ದರಿಂದ ಪ್ರವೇಶಕ್ಕೆ ಕಟ್ಟಿದ್ದ 40,000 ಕೂಡ ಹಿಂದಿರುಗಲಿಲ್ಲ.

ಆಮೇಲೆ ನಾನು ಮಾಡಿದ್ದು ನೋಡುವವರಿಗೆ ಹುಚ್ಚಾಟ. ಆಫೀಸು ವೈಟ್‌ಫೀಲ್ಡಿನಲ್ಲೇ ಇದ್ದರೂ ಮನೆಯನ್ನು ನಗರದ ಪಶ್ಚಿಮ ತುದಿಯ ವಿಜಯನಗರದಲ್ಲಿ ಹಿಡಿದೆ. ಬಾಡಿಗೆ ಅಷ್ಟೇ, ಮನೆ ಚಿಕ್ಕದು, ಕಾರು ನಿಲ್ಲಿಸಲು ಜಾಗವಿಲ್ಲ. ಆದರೆ ದಿನ ಬಿಟ್ಟು ದಿನ ಕಾವೇರಿ ನೀರು ಸಂಪಿಗೆ, ಎಂದರೆ ನೆಲದಡಿಯ ತೊಟ್ಟಿಗೆ, ಬೀಳುತ್ತಿತ್ತು, ಮೆಟ್ರೊ ನಿಲ್ದಾಣಕ್ಕೆ ಎಂಟು ನಿಮಿಷದ ನಡಿಗೆ. ಆಗ ನೇರಳೆ ಮಾರ್ಗ ಬೈಯಪ್ಪನಹಳ್ಳಿಯಲ್ಲಿ ನಿಂತುಬಿಡುತ್ತಿದ್ದುದರಿಂದ ಅಲ್ಲಿಂದ ಮುಂದೆ ಬಸ್ಸು, ಒಟ್ಟು ಒಂದೂಮುಕ್ಕಾಲು ಗಂಟೆ. ಕಷ್ಟವೇ. ಆದರೂ ಅದರಲ್ಲಿ ಮೆಟ್ರೊದಲ್ಲಿ ಕಳೆಯುವ ಭಾಗ ದಿನವೂ ಅಷ್ಟೇ ಇರುತ್ತಿತ್ತು, ಕುಳಿತು ಓದಬಹುದಿತ್ತು. ಐವತ್ತೈದು ನಿಮಿಷ ಕ್ಲಚ್ಚು ತುಳಿಯುವುದಕ್ಕಿಂತ ನನಗೆ ಅದೇ ಹಗುರವೆನಿಸಿತು. 2023ರ ಮಾರ್ಚಿನಲ್ಲಿ ವೈಟ್‌ಫೀಲ್ಡಿನಿಂದ ಕೆ.ಆರ್. ಪುರದವರೆಗೆ ರೈಲು ಬಂತು, ನಡುವೆ ಉಳಿದಿದ್ದ ಬೈಯಪ್ಪನಹಳ್ಳಿಯವರೆಗಿನ ತುಂಡು ಅದೇ ವರ್ಷದ ಅಕ್ಟೋಬರ್ 9ರಂದು ಸೇರಿತು. ಈಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ 43 ಕಿಲೋಮೀಟರಿಗೂ ಹೆಚ್ಚು ದೂರ ಒಂದೇ ರೈಲು. ವಿಜಯನಗರದಲ್ಲಿ ಹತ್ತಿದವನು ಒಂದು ಗಂಟೆ ಚಿಲ್ಲರೆಯಲ್ಲಿ ಆಚೆ ತುದಿಯಲ್ಲಿರುತ್ತಾನೆ. ಊರಿನಿಂದ ಅಮ್ಮ ಬಂದರೆ ಮೆಜೆಸ್ಟಿಕ್‌ನಿಂದ ನಾಲ್ಕೇ ನಿಲ್ದಾಣ.

ಹಾಗಾಗಿ ಆಫೀಸಿನ ಹತ್ತಿರ ಮನೆ ಎಂಬ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ನಾನು ಎರಡು ವರ್ಷದೊಳಗೆ ಕೆಲಸ ಬದಲಿಸಿದೆ, ಹೊಸ ಆಫೀಸು ಎಂ.ಜಿ. ರಸ್ತೆಯಲ್ಲಿ, ಮನೆ, ಮಗಳ ಶಾಲೆ, ಹಾಲಿನವನು, ಯಾವುದನ್ನೂ ಬದಲಿಸಬೇಕಾಗಲಿಲ್ಲ. ಹೆಂಡತಿಗೆ ಮಲ್ಲೇಶ್ವರದಲ್ಲಿ ಕೆಲಸ ಸಿಕ್ಕಾಗಲೂ ಹಾಗೆಯೇ. ಕೆಲಸ ಬದಲಾದಷ್ಟು ಸುಲಭವಾಗಿ ಮಗುವಿನ ಶಾಲೆ ಬದಲಾಗುವುದಿಲ್ಲ. ಮೆಟ್ರೊ ಮಾರ್ಗದ ಮೇಲೆ ಮನೆ ಹಿಡಿಯಿರಿ, ಆದರೆ ಓಡುತ್ತಿರುವ ಮಾರ್ಗದ ಮೇಲೆ, ಬರಲಿರುವ ಮಾರ್ಗದ ಮೇಲಲ್ಲ. ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ತೆರೆಯಿತು; ಇವತ್ತು ನಾಳೆ ಬರುತ್ತದೆ ಎಂಬ ಬ್ರೋಕರರ ಮಾತು ನಂಬಿ ಅಲ್ಲಿ ಹೆಚ್ಚು ಬಾಡಿಗೆ ತೆರುತ್ತ ವರ್ಷಗಟ್ಟಲೆ ಕಾದ ಸಹೋದ್ಯೋಗಿಗಳು ನನಗಿದ್ದಾರೆ.

ವೈಟ್‌ಫೀಲ್ಡ್, ವರ್ತೂರು ಇರುವ ಪೂರ್ವದ ಕಡೆ ಈಗ ಪರಿಸ್ಥಿತಿ ಬದಲಾಗಿದೆಯಲ್ಲ ಎಂದು ನೀವು ಕೇಳಬಹುದು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ನೀರಿನ ಯೋಜನೆಯ ಐದನೆಯ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು, ಆ ಹಳ್ಳಿಗಳಲ್ಲಿ ಹಲವು ವೈಟ್‌ಫೀಲ್ಡಿನ ಕಡೆಯ ಮಹದೇವಪುರದ ಸುತ್ತಲಿನವು. ಒಳ್ಳೆಯದೇ. ಆದರೆ ಅದೇ ವರ್ಷದ ಮಾರ್ಚಿನಲ್ಲಿ ಜಿಲ್ಲಾಡಳಿತವೇ ಮಧ್ಯೆ ಬಂದು, ಐದು ಕಿಲೋಮೀಟರಿನೊಳಗೆ ಹನ್ನೆರಡು ಸಾವಿರ ಲೀಟರಿಗೆ ಸಾವಿರ ರೂಪಾಯಿ ಎಂದು ಟ್ಯಾಂಕರಿನ ದರ ನಿಗದಿ ಮಾಡಬೇಕಾಗಿ ಬಂದದ್ದನ್ನೂ ಮರೆಯಬೇಡಿ. ಕೊಳವೆ ರಸ್ತೆಗೆ ಬಂದಿರುವುದು ಬೇರೆ, ನಿಮ್ಮ ಕಟ್ಟಡದ ಸಂಪಿಗೆ ನೀರು ಬೀಳುವುದು ಬೇರೆ. ಕಾವೇರಿ ಸಂಪರ್ಕ ಇದೆ ಎಂದು ಬಾಯಲ್ಲಿ ಹೇಳಿದರೆ ಒಪ್ಪಬೇಡಿ, ಜಲಮಂಡಳಿಯ ಕಳೆದ ಮೂರು ತಿಂಗಳ ಬಿಲ್ಲು ತೋರಿಸಲು ಹೇಳಿ. ಓಣಿಯ ಕೆಳತುದಿಯಲ್ಲಿ ರಾಜಕಾಲುವೆ, ಎಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆ, ಇದೆಯೇ ಎಂದೂ ವಿಚಾರಿಸಿ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಮಹದೇವಪುರದ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರುಗಳಲ್ಲಿ ಹೊರತಂದಾಗ ನನ್ನ ಹಳೆಯ ಕಟ್ಟಡದ ನೆಲಮಾಳಿಗೆಯಲ್ಲೂ ಎದೆಮಟ್ಟದ ನೀರಿತ್ತೆಂದು ಅದೇ ವಾಚ್‌ಮನ್ ಫೋನಿನಲ್ಲಿ ಹೇಳಿದ್ದ.

ಈ ತಿಂಗಳ ಕೊನೆಯೊಳಗೆ ಮನೆ ಗೊತ್ತುಮಾಡಬೇಕು ಎಂದಿದ್ದೀರಿ. ಬೇಡ. ಕೆಲಸಕ್ಕೆ ಒಬ್ಬರೇ ಬಂದು ಸೇರಿಕೊಳ್ಳಿ, ಒಂದು ತಿಂಗಳು ಪಿ.ಜಿ.ಯಲ್ಲಿರಿ, ಮಂಗಳವಾರವೋ ಬುಧವಾರವೋ ಬೆಳಗ್ಗೆ ಎಂಟೂವರೆಗೆ ಮನೆ ನೋಡಲು ಹೋಗಿ. ಮಾಲೀಕರು ಬಾಗಿಲು ತೆಗೆಯುವ ಮೊದಲು ವಾಚ್‌ಮನ್‌ನ ಹತ್ತಿರ ಟ್ಯಾಂಕರಿನ ಪುಸ್ತಕ ಕೇಳಿ, ಮಾರ್ಚ್ ಮತ್ತು ಏಪ್ರಿಲ್ ತಿಂಗಳ ಪುಟಗಳನ್ನು ತೆರೆಯಿರಿ. ಅಂಥ ಪುಸ್ತಕವೇ ಇಲ್ಲ ಎಂದರೆ ಕಾಂಪೌಂಡಿನ ಹೊರಗೋಡೆಯನ್ನು ನೋಡಿ. ಸೊಂಟದೆತ್ತರದಲ್ಲಿ ರಸ್ತೆಯತ್ತ ಬಾಯಿ ಮಾಡಿದ ದಪ್ಪ ಪೈಪೊಂದು ಇದ್ದರೆ ಅದು ಟ್ಯಾಂಕರಿನ ಕೊಳವೆ ಜೋಡಿಸುವುದಕ್ಕೆಂದೇ ಇಟ್ಟದ್ದು. ಆ ಭಾನುವಾರ ನಾನು ಬ್ರೋಕರಿಗಾಗಿ ಕಾಯುತ್ತ ನಿಂತಾಗ ನನ್ನ ಚೀಲವನ್ನು ನೇತುಹಾಕಿದ್ದು ಅದಕ್ಕೇ.