ಎಂಎಸ್ಸಿ ನರ್ಸಿಂಗ್ ರಿಸರ್ಚ್‌ಗೆ ಒಪಿಡಿಯಲ್ಲೇ 60 ಜನರನ್ನು ಕೇಳಿದರೆ ಸಾಕಾ? ಯಾವ ಸ್ಟ್ಯಾಟಿಸ್ಟಿಕಲ್ ಟೆಸ್ಟ್ ಹಾಕಲಿ?

ಗರ್ಭಿಣಿಯರು ತಪಾಸಣೆ ಯಾಕೆ ತಪ್ಪಿಸುತ್ತಾರೆ ಅನ್ನೋದು ನಿಮ್ಮ ವಿಷಯ, ಹಾಸನದ ಒಪಿಡಿಯಲ್ಲಿ, ಅಂದರೆ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ, 60 ಜನ ಬೇಗ ಸಿಗುತ್ತಾರೆ ಅನ್ನೋದು ನಿಮ್ಮ ಲೆಕ್ಕ. ಓದಿ ಎದೆ ಧಸಕ್ಕೆಂದಿತು. ಚಿಕ್ಕಮಗಳೂರಿನಲ್ಲಿ ಓದುವಾಗ ನಾನೂ ಇದೇ ವಿಷಯ ತಗೊಂಡಿದ್ದೆ, ಇದೇ ದಾರಿ ಹಿಡಿದಿದ್ದೆ.

ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದಲ್ವಾ, ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ್ದು? ಆ ದಿನ ಹೋಗಿ ಕೂತೆ. ಸಾಲಿನಲ್ಲಿ ನಿಂತವರಿಗೆಲ್ಲ ಪ್ರಶ್ನೆ ಕೇಳಿದೆ. ಬಸ್ಸಿಗೆ ತೊಂದರೆಯಾ? ಇಲ್ಲ. ಮನೆಯಲ್ಲಿ ಬಿಡ್ತಾರಾ? ಬಿಡ್ತಾರೆ. ಕೂಲಿ ಹೋಗುತ್ತಾ? ಪರವಾಗಿಲ್ಲ. ಎಸ್‌ಪಿಎಸ್‌ಎಸ್ ಅನ್ನೋ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಹಾಕಿ, ಎರಡು ವಿಷಯಗಳ ನಡುವೆ ಸಂಬಂಧ ಇದೆಯಾ ಅಂತ ನೋಡುವ ಕೈ-ವರ್ಗ (chi-square) ಪರೀಕ್ಷೆಯನ್ನೂ ಮಾಡಿದೆ. ಎಸ್ಟೇಟ್ ಹೆಂಗಸರಿಗೆ ಹೇಳಿಕೊಳ್ಳುವಂಥ ಅಡಚಣೆ ಇಲ್ಲ ಅಂತ ಬರೆದೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಪರೀಕ್ಷಕರು ಒಂದೇ ಮಾತು ಕೇಳಿದರು: "ಬರದೇ ಇರೋರ ಕಷ್ಟಾನ ಬಂದೋರ ಹತ್ರ ಕೇಳಿದ್ದೀಯಲ್ಲಮ್ಮ?"

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕಂದ್ರೆ ಇಡೀ ಕೆಲಸ ಕೆಟ್ಟಿದ್ದು ಇಲ್ಲೇ. ನನ್ನ ಪ್ರಶ್ನೆ ಇದ್ದದ್ದು ತಪಾಸಣೆ ತಪ್ಪಿಸುವವರ ಬಗ್ಗೆ. ಅವರೇ ನನ್ನ ಸಮಷ್ಟಿ, ಅಂದರೆ ಪಾಪ್ಯುಲೇಶನ್. ನಾನು ಆರಿಸಿದ ಸ್ಯಾಂಪಲ್ ಮಾತ್ರ ಬಸ್ಸು, ಕೂಲಿ, ಮನೆ ಎಲ್ಲ ದಾಟಿ ಬಂದವರದ್ದು. ದಾಟಲಾಗದವಳು ಅವತ್ತು ತೋಟದಲ್ಲಿದ್ದಳು. ಅವಳ ಹೆಸರು ನನ್ನ ಪಟ್ಟಿಗೆ ಬರುವ ದಾರಿಯೇ ಇರಲಿಲ್ಲ. 60ರ ಬದಲು 600 ಜನರನ್ನು ಕೇಳಿದ್ದರೂ ಅದೇ ಉತ್ತರ ಬರುತ್ತಿತ್ತು, ತಪ್ಪು ಇನ್ನೂ ಗಟ್ಟಿಯಾಗಿ ಕಾಣುತ್ತಿತ್ತು ಅಷ್ಟೇ. ಆಸ್ಪತ್ರೆಗೆ ಬಂದವರ ಲೆಕ್ಕವನ್ನು ಊರಿಗೆಲ್ಲ ಅನ್ವಯಿಸಿದರೆ ಮೋಸ ಹೋಗುತ್ತೇವೆ ಅಂತ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೋಸೆಫ್ ಬರ್ಕ್ಸನ್ 1946ರಲ್ಲೇ ತೋರಿಸಿದ್ದರು. ಪುಸ್ತಕದಲ್ಲಿ ಓದಿದ್ದೆ, ನನ್ನ ಕೆಲಸಕ್ಕೆ ತಾಳೆ ಹಾಕಿರಲಿಲ್ಲ. ಒಂದು ಸಲದ ಪರೀಕ್ಷೆ ಕೈತಪ್ಪಿತು.

ಹಾಗಾಗಿ ಯಾವ ಟೆಸ್ಟ್ ಅನ್ನೋ ನಿಮ್ಮ ಪ್ರಶ್ನೆಗೆ ಈಗ ಉತ್ತರ ಹುಡುಕಲೇಬೇಡಿ. ಯಾರನ್ನು ಕೇಳಬೇಕು ಅನ್ನೋದು ಸರಿಯಾಗದೆ ಯಾವ ಟೆಸ್ಟೂ ಕೈಹಿಡಿಯಲ್ಲ.

ಎರಡನೇ ಸಲ ಮೂಡಿಗೆರೆ ಕಡೆ ಆಶಾ ಕಾರ್ಯಕರ್ತೆಯರ ರಿಜಿಸ್ಟರ್‌ನಿಂದ ಎಲ್ಲ ಗರ್ಭಿಣಿಯರ ಹೆಸರು ಬರೆದುಕೊಂಡೆ, ಇನ್‌ಸ್ಟಿಟ್ಯೂಷನಲ್ ಎಥಿಕ್ಸ್ ಕಮಿಟಿ ಒಪ್ಪಿಗೆ ಸಿಕ್ಕ ಮೇಲೆ. ಚೀಟಿ ಎತ್ತಿ, ಬಂದ ಹೆಸರಿನ ಮನೆಗೇ ಹೋದೆ. ಕಾಫಿ ಕುಯ್ಲಿನ ಕಾಲ, ಸಂಜೆ ಬಿಟ್ಟರೆ ಯಾರೂ ಸಿಗುತ್ತಿರಲಿಲ್ಲ. ಒಂದು ಲೈನ್ ಮನೆಯಲ್ಲಿ ಒಬ್ಬಾಕೆ ಅಕ್ಕಿ ಡಬ್ಬದಿಂದ ಪ್ಲಾಸ್ಟಿಕ್ ಕವರ್ ತೆಗೆದು ತಾಯಿ ಕಾರ್ಡ್ ಕೊಟ್ಟಳು. ಮೊದಲ ತಪಾಸಣೆ ಮಾತ್ರ ಬರೆದಿತ್ತು, ಉಳಿದ ಕಾಲಂ ಖಾಲಿ. "ಒಂಬತ್ತನೇ ತಾರೀಕು ಬಂತು ಅಂತ ಹಣ್ಣು ಕಾಯ್ಕೊಂಡು ಕೂರುತ್ತಾ ಮೇಡಂ? ಕೆಜಿ ಲೆಕ್ಕದ ಕೂಲಿ ನಮ್ದು" ಅಂದಳು. ಎಸ್ಟೇಟ್ ರೈಟರ್ (ತೋಟದ ಲೆಕ್ಕ ಬರೆಯುವವರು) ಪಕ್ಕದಲ್ಲಿ ನಿಂತಿದ್ದಾಗ ಇದೇ ಹೆಂಗಸು ಎಲ್ಲಕ್ಕೂ "ತೊಂದ್ರೆ ಇಲ್ಲ" ಅಂದಿದ್ದಳು. ಅವರನ್ನು ಆಚೆ ಕಳಿಸಿದ ಮೇಲೆ ಬಾಯಿಬಿಟ್ಟಳು. ಪ್ರಶ್ನೆ ಕೇಳುವಾಗ ಯಾರು ಹತ್ತಿರ ಇದ್ದಾರೆ ಅನ್ನೋದು ಪ್ರಶ್ನಾವಳಿಯಷ್ಟೇ ಮುಖ್ಯ. ಓದು ಬಾರದವರಾದರೆ ಒಪ್ಪಿಗೆಯನ್ನು ಓದಿ ಹೇಳಿ, ಹೆಬ್ಬೆಟ್ಟಿನ ಜೊತೆ ಸಾಕ್ಷಿ ಸಹಿ ತಗೊಳ್ಳಿ. ಆ ಸಾಕ್ಷಿ ರೈಟರ್ ಅಥವಾ ಮೇಸ್ತ್ರಿ ಆಗಿರಬಾರದು.

ಇನ್ನೊಂದು. "ಎಷ್ಟು ಜನ ತಪ್ಪಿಸುತ್ತಾರೆ" ಅಂದರೆ ಎಣಿಸಬೇಕು, ಅಲ್ಲಿ ಸ್ಯಾಂಪಲ್ ಗಾತ್ರದ ಲೆಕ್ಕ ಬೇಕು. "ಯಾಕೆ ತಪ್ಪಿಸುತ್ತಾರೆ" ಅಂದರೆ ಕೂತು ಮಾತಾಡಬೇಕು, ಗುಣಾತ್ಮಕ ವಿಧಾನ ಅನ್ನೋದು ಇದಕ್ಕೇ. ನಿಮ್ಮದು ಯಾಕೆ ಅನ್ನೋ ಪ್ರಶ್ನೆ. ಅದಕ್ಕೆ 60 ಟಿಕ್ ಮಾರ್ಕಿಗಿಂತ ಹತ್ತು-ಹದಿನೈದು ಜನರ ಜೊತೆ ಆಳವಾದ ಮಾತುಕತೆ ಎಷ್ಟೋ ಮೇಲು. ಗೈಡ್ ಒಪ್ಪಲ್ಲ ಅಂದರೆ ಎರಡನ್ನೂ ಸೇರಿಸಿ ಮಾಡಿ.

ಊರೂರು ಓಡಾಡೋಕೆ ಆಗಲ್ಲ, ಒಪಿಡಿ ಬಿಟ್ಟು ಬೇರೆ ದಾರಿ ಇಲ್ಲ ಅಂದರೆ ಸ್ಯಾಂಪಲ್ ಇದ್ದ ಹಾಗೇ ಇರಲಿ, ಪ್ರಶ್ನೆ ಬದಲಾಯಿಸಿ. ಬಂದವರು ಎಷ್ಟು ಹೊತ್ತು ಕಾಯುತ್ತಾರೆ, ಹೊರಗೆ ಹೋಗುವಾಗ ಅವರಿಗೆ ಏನು ಅರ್ಥವಾಗಿರುತ್ತದೆ ಅಂತ ಕೇಳಿ. ಅದಕ್ಕೆ ಒಪಿಡಿಯೇ ಸರಿಯಾದ ಜಾಗ. ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಕೊಡುವ ಮುಂಚೆಯೇ ಇದನ್ನು ತೀರ್ಮಾನಿಸಿ, ಆಮೇಲೆ ವಿಷಯ ಬದಲಾಯಿಸೋದು ತುಂಬಾ ಕಷ್ಟ.