ಜೀಪಿನ ಹಿಂದಿನ ಹೌಸಿಂಗಿಗೆ ಡೀಸೆಲ್ ಹಾಕಿ ಓಡಿಸಿ ತೊಳೆಯಬಹುದೇ?

ಹಳೇ ಮಹೀಂದ್ರ ಜೀಪ್ ತಗೊಂಡಿದ್ದೀರಿ, ಹಿಂದಿನ ಹೌಸಿಂಗಿನ (ಹಿಂದಿನ ಚಕ್ರಗಳ ನಡುವೆ ಆಕ್ಸಲ್, ಗೇರ್ ಕೂತಿರೋ ಕಬ್ಬಿಣದ ಗೂಡು) ಆಯಿಲ್ ಬೆರಳಲ್ಲಿ ಉಜ್ಜಿದರೆ ಮರಳು ಸಿಗುತ್ತೆ, ಡೀಸೆಲ್ ಸುರಿದು ಎರಡು ಕಿಲೋಮೀಟರ್ ಓಡಿಸಿ ಇಳಿಸಿಬಿಡಿ ಅಂತ ಮೆಕ್ಯಾನಿಕ್ ಹೇಳಿದ್ದಾರೆ, ಮಾಡಲೇ ಅಂತ ಕೇಳಿದ್ದೀರಿ.

ಬೇಡ ಮಾರಾಯ್ರೇ. ಒಳಗಿನ ಕ್ರೌನ್ ಪಿನಿಯನ್ ಅನ್ನೋ ಜೋಡಿ ಗೇರಿನ ಹಲ್ಲುಗಳು ಒಂದರ ಮೇಲೊಂದು ಜಾರಿ ಉಜ್ಜಿಕೊಂಡೇ ತಿರುಗೋದು. ಆ ಒತ್ತಡ ತಡೀಲಿ ಅಂತಲೇ ಗೇರ್ ಆಯಿಲಿಗೆ ಗಂಧಕದ ಮದ್ದು ಸೇರಿಸಿರುತ್ತಾರೆ. ಡಬ್ಬಿ ತೆಗೆದ ಕೂಡಲೇ ಮೂಗಿಗೆ ಹೊಡೆಯೋ ವಾಸನೆ ಅದರದ್ದೇ. ಡೀಸೆಲಿಗೆ ಆ ಶಕ್ತಿ ಇಲ್ಲ. ಸಾಲದ್ದಕ್ಕೆ, ತಳದಲ್ಲಿ ಸುಮ್ಮನೆ ಕೂತಿದ್ದ ಮರಳನ್ನ ಕದಡಿ ಬೇರಿಂಗಿಗೆ ಉಣಿಸಿದ ಹಾಗಾಗುತ್ತೆ.

ಹೌಸಿಂಗಿನ ಕವರ್ ಬಿಚ್ಚಿಯೇ ತೊಳೀಬೇಕು. ಸ್ವಲ್ಪ ದೂರ ಓಡಿಸಿ ಆಯಿಲ್ ಬಿಸಿಯಾಗಲಿ, ಆಮೇಲೆ ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು ಹಿಂದೆ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಅಡಿಗೆ ನುಗ್ಗಬೇಡಿ. ಇನ್ನೊಂದು, ಆಯಿಲ್ ತುಂಬೋ ಮೇಲಿನ ಪ್ಲಗ್ ಬಿಚ್ಚುತ್ತೆ ಅಂತ ಖಾತ್ರಿ ಆಗೋ ತನಕ ಕೆಳಗಿಂದ ಒಂದು ಹನಿಯೂ ಇಳಿಸಬೇಡಿ. ನಾನು ಮೊದಲ ಸಲ ಉತ್ಸಾಹದಲ್ಲಿ ಎಲ್ಲಾ ಇಳಿಸಿಬಿಟ್ಟೆ, ಫಿಲ್ಲರ್ ಪ್ಲಗ್ ತುಕ್ಕು ಹಿಡಿದು ಕಲ್ಲಾಗಿತ್ತು. ಜೀಪು ಮೂರು ದಿನ ಅಂಗಳದಲ್ಲೇ ನಿಂತಿತ್ತು, ಅಡಿಕೆ ಮೂಟೆ ಪಕ್ಕದ ಮನೆಯವರ ಪಿಕಪ್‌ನಲ್ಲಿ ಹೋಯ್ತು.

ಕವರಿನ ಬೋಲ್ಟುಗಳಲ್ಲಿ ಮೇಲಿನದೊಂದನ್ನ ಸಡಿಲವಾಗಿ ಉಳಿಸಿ, ಕೆಳಗಿಂದ ಮೆಲ್ಲಗೆ ಬಿಡಿಸಿ. ಇಲ್ಲದಿದ್ದರೆ ಆಯಿಲ್ ಎದೆ ಮೇಲೇ ಬೀಳುತ್ತೆ. ಮೂಲೆಯಲ್ಲಿ ಕಾಫಿ ಚರಟದ ಹಾಗೆ ಗಟ್ಟಿ ಕೆಸರು ಕೂತಿರುತ್ತೆ. ಅದನ್ನ ಬೆರಳಿಂದ ತೆಗೆದು ಬಿಸಿಲಿಗೆ ಹಿಡಿದು ನೋಡಿ. ಬೆಳ್ಳಿ ಬಣ್ಣದ ನುಣುಪು ಪೇಸ್ಟ್ ಆದರೆ ಹೆದರಬೇಡಿ, ಮಾಮೂಲಿ ಸವೆತ. ಉಗುರು ಕತ್ತರಿಸಿದಂಥ ಲೋಹದ ಚೂರು ಸಿಕ್ಕರೆ ಹಲ್ಲೋ ಬೇರಿಂಗೋ ಹೋಗಿದೆ. ಮರಳು ಮಾತ್ರ ಹೊರಗಿಂದಲೇ ಬಂದಿದ್ದು.

ಡೀಸೆಲಿಗೆ ಇಲ್ಲಿ ಕೆಲಸ ಇದೆ. ಬ್ರಷ್‌ನಲ್ಲಿ ಹಚ್ಚಿ, ಚಕ್ರ ಕೈಯಲ್ಲೇ ತಿರುಗಿಸುತ್ತಾ ಹಲ್ಲು ಹಲ್ಲೂ ತೊಳೀರಿ. ಪೆಟ್ರೋಲ್ ಮಾತ್ರ ಬೇಡ, ಒಂದು ಕಿಡಿ ಸಾಕು. ಒರೆಸೋಕೆ ಹಳೇ ಪಂಚೆ ಒಳ್ಳೇದು. ಕಾಟನ್ ವೇಸ್ಟ್ ಎಳೆ ಬಿಡುತ್ತೆ. ಆಕ್ಸಲ್ ಶಾಫ್ಟ್ ಎಳೆದಿದ್ದರೆ, ಬಿದಿರಿನ ಕೋಲಿಗೆ ಬಟ್ಟೆ ಸುತ್ತಿ ಎರಡೂ ಟ್ಯೂಬ್ ಒರೆಸಿ, ಅರ್ಧ ಮರಳು ಅಲ್ಲೇ ಅಡಗಿರುತ್ತೆ. ಕವರಿನ ಅಂಚಿಗೆ ಅಂಟಿದ ಹಳೇ ಪ್ಯಾಕಿಂಗ್ ಕೆರೆಯುವಾಗ ಒಳಗೆ ಬಟ್ಟೆ ತುರುಕಿಕೊಳ್ಳಿ. ಒಂದು ರಾತ್ರಿ ಡೀಸೆಲ್ ಸೋರಿ ಆರಲಿ.

ಇಷ್ಟೆಲ್ಲಾ ಮಾಡಿಯೂ ಒಂದೇ ಮಳೆಗಾಲದಲ್ಲಿ ನನ್ನ ಜೀಪಿನ ಆಯಿಲ್ ಎರಡು ಸಲ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿತ್ತು. ನಮ್ಮದು ತೀರ್ಥಹಳ್ಳಿ ಕಡೆ, ತೋಟಕ್ಕೆ ಹೋಗೋಕೆ ಹಳ್ಳ ದಾಟಬೇಕು. ಘಾಟಿ ಹತ್ತಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ನೀರನ್ನ ಒಳಕ್ಕೆ ಎಳ್ಕೊಳ್ಳುತ್ತೆ. ಹೌಸಿಂಗ್ ಮೇಲೆ ಗಾಳಿ ಆಡೋಕೆ ಅಂತ ಬೆರಳ ತುದಿಯಷ್ಟು ದೊಡ್ಡ ಬ್ರೀದರ್ ಇರುತ್ತಲ್ಲ, ನನ್ನದರಲ್ಲಿ ಅದು ಕೆಸರು ಮೆತ್ತಿ ಪೂರ್ತಿ ಮುಚ್ಚಿತ್ತು. ಅದು ಮುಚ್ಚಿದರೆ ಗಾಳಿ ಆಡೋ ದಾರಿ ಆಯಿಲ್ ತಡೆಯೋ ರಬ್ಬರ್ ಸೀಲ್ ಒಂದೇ: ತಣ್ಣಗಾದಾಗ ಕೆಸರುನೀರು ಒಳಗೆ, ಬಿಸಿಯಾದಾಗ ಆಯಿಲ್ ಹೊರಗೆ, ಬ್ರೇಕ್ ಶೂ ಮೇಲೆ. ಬ್ರೀದರ್ ಬಿಡಿಸಿ, ಒಂದು ರಬ್ಬರ್ ಪೈಪ್ ಸಿಕ್ಕಿಸಿ ಬಾಡಿ ಎತ್ತರಕ್ಕೆ ಕಟ್ಟಿದೆ, ಆಯಿಲ್ ಸೀಲುಗಳನ್ನೂ ಬದಲಾಯಿಸಿದೆ. ಆಮೇಲೆ ಆಯಿಲ್ ಬಣ್ಣ ಕೆಟ್ಟಿಲ್ಲ. ನಿಮ್ಮದರಲ್ಲೂ ಮೊದಲು ಅದನ್ನೇ ನೋಡಿ.

ಕವರಿಗೆ ಅನಾಬಾಂಡ್ (ಸೋರದ ಹಾಗೆ ಹಚ್ಚೋ ಅಂಟು) ತೆಳ್ಳಗೆ ಹಚ್ಚಿ ಸಾಕು. ಜಾಸ್ತಿ ಆದರೆ ಉದುರಿ ಒಳಗೇ ಬೀಳುತ್ತೆ. ಆಯಿಲ್ 80ಡಬ್ಲ್ಯು-90, ಜಿಎಲ್-5 ದರ್ಜೆಯದು, ಗಾಡಿ ಸಮತಟ್ಟಾಗಿ ನಿಂತಾಗ ಫಿಲ್ಲರ್ ತೂತಿಂದ ಹೊರಗೆ ಜಿನುಗೋ ತನಕ. ಮಿಕ್ಕಿದ್ದನ್ನ ಗೇರ್‌ಬಾಕ್ಸಿಗೆ ಸುರೀಬೇಡಿ, ಕೆಲವು ಜಿಎಲ್-5 ಆಯಿಲ್ ಅಲ್ಲಿನ ಹಿತ್ತಾಳೆ ರಿಂಗುಗಳನ್ನ ತಿನ್ನುತ್ತೆ. ಹಳೇ ಆಯಿಲನ್ನ ಗೆದ್ದಲಿಗೆ ಅಂತ ಬೇಲಿ ಗೂಟಕ್ಕೆ ಬಳಿಯೋದು ನಮ್ಮಲ್ಲಿ ರೂಢಿ, ನಾನೂ ಬಳಿದಿದ್ದೇನೆ. ಬಾವಿ ಹತ್ತಿರ ಅಂತ ಈಗ ಬಿಟ್ಟು, ಕ್ಯಾನ್‌ನಲ್ಲಿ ತುಂಬಿ ವೇಸ್ಟ್ ಆಯಿಲ್ ಒಯ್ಯುವವರಿಗೆ ಕೊಡ್ತೀನಿ.

ಇನ್ನೂರು ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಫಿಲ್ಲರ್ ಬಿಚ್ಚಿ ಬೆರಳು ಅದ್ದಿ ನೋಡಿ. ಆಗಲೂ ಮರಳು ಸಿಕ್ಕರೆ ಅದು ಬೇರಿಂಗ್ ಹಿಂದೆ ಕೂತಿರಬಹುದು, ಹಾಗಿದ್ದರೆ ಒಳಗಿನದೆಲ್ಲಾ ಎತ್ತಿ ಶಿಮ್ (ಸಂದು ಸರಿಮಾಡೋ ತೆಳು ತಗಡು) ಲೆಕ್ಕ ಹಾಕಿ ಮತ್ತೆ ಕೂರಿಸಬೇಕು. ಆ ಕೆಲಸ ನಾನು ಇವತ್ತಿಗೂ ಗ್ಯಾರೇಜಿಗೇ ಕೊಡೋದು.