ರಕ್ತ ಒಂದೇ, ಕೊಳವೆಗಳೇಕೆ ಹಲವು?

ಪ್ರಶ್ನೆ: ಒಮ್ಮೆ ಚುಚ್ಚಿ ತೆಗೆದ ರಕ್ತವನ್ನು ಬೇರೆ ಬೇರೆ ಬಣ್ಣದ ಮುಚ್ಚಳಗಳ ಕೊಳವೆಗಳಿಗೆ ತುಂಬುವುದೇಕೆ?

ಉತ್ತರ: ಮುಚ್ಚಳದ ಬಣ್ಣವು ಕೊಳವೆಯೊಳಗೆ ಏನಿದೆ ಎಂಬುದರ ಗುರುತು. ನೇರಳೆ ಮುಚ್ಚಳದ ಕೊಳವೆಯಲ್ಲಿರುವ ಇಡಿಟಿಎ ಎಂಬ ರಾಸಾಯನಿಕವು ರಕ್ತದಲ್ಲಿನ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು, ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಿಂದ ಅದು ರಕ್ತಕಣಗಳ ಎಣಿಕೆಗೆ ಯೋಗ್ಯವಾಗಿದೆ. ಬೂದು ಮುಚ್ಚಳದ ಕೊಳವೆಯ ಫ್ಲೋರೈಡ್, ಕಣಗಳು ಗ್ಲೂಕೋಸನ್ನು ಬಳಸಿಕೊಳ್ಳುವುದಕ್ಕೆ ತಡೆಯೊಡ್ಡುವುದರಿಂದ ಅದು ರಕ್ತದ ಸಕ್ಕರೆಯ ಪರೀಕ್ಷೆಗೆ ಸೂಕ್ತ. ಆದರೆ ಕೆಂಪು ಮುಚ್ಚಳದ ಕೊಳವೆಯಲ್ಲಿ ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟು, ಬಳಿಕ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಮೇಲೆ ತಿಳಿಯಾಗಿ ಉಳಿಯುವ ಸೀರಂ ಅನ್ನು ಪರೀಕ್ಷಿಸುತ್ತಾರೆ.

ತುಂಬುವ ಕ್ರಮವೂ ಅಷ್ಟೇ ಮುಖ್ಯ. ಪೊಟ್ಯಾಸಿಯಂ ಲವಣದ ರೂಪದಲ್ಲಿರುವ ಇಡಿಟಿಎ ತುಸುವೇ ಕೆಂಪು ಕೊಳವೆಗೆ ಸೇರಿದರೂ ವರದಿಯಲ್ಲಿ ಪೊಟ್ಯಾಸಿಯಂ ಹೆಚ್ಚಾಗಿಯೂ ಕ್ಯಾಲ್ಸಿಯಂ ಕಡಿಮೆಯಾಗಿಯೂ ಕಾಣಬಹುದು. ಆರೋಗ್ಯವಂತರನ್ನೂ ವಿನಾಕಾರಣ ಹೆದರಿಸಬಲ್ಲ ತಪ್ಪಿದು. ಆದ್ದರಿಂದಲೇ ಕೆಂಪನ್ನು ಮೊದಲು, ನೇರಳೆಯನ್ನು ಅನಂತರ ತುಂಬುತ್ತಾರೆ.